ಶಾವಿಗೆ ಮಣೆಯ ಮೇಲಿನ ಹುಳ

ಶಿವರಾತ್ರಿಯ ಮರುದಿನ. ಹಾಲು ಕಾಯಲಿಟ್ಟು, ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು ಒಳಗೆ ಬಂದಿದ್ದೆ. ನಮ್ಮ ಯಜಮಾನರು ಕುಂದಗೋಳದ ಬಸ್ಸು ಹಿಡಿಯುವವರು. ಅವರ ಡಬ್ಬಿಗೆ ಎರಡು ರೊಟ್ಟಿ, ಝುಣಕ, ಮೂಲೆಗೆ ಒಂದಿಷ್ಟು ಶೇಂಗಾ ಚಟ್ನಿ. ಹಿಂದಿನ ದಿನದ ಉಪವಾಸದ ಹಸಿವು ಇನ್ನೂ ಮನೆಯಲ್ಲಿ ಓಡಾಡುತ್ತಿತ್ತು, ಅದಕ್ಕೆ ಉಪ್ಪಿಟ್ಟಿನ ರವೆಯನ್ನು ಎಂದಿಗಿಂತ ಒಂದು ಹಿಡಿ ಹೆಚ್ಚೇ ಹುರಿಯುತ್ತಿದ್ದೆ. ಕಿಟಕಿಯಿಂದ ಬರುವ ಗಾಳಿಯಲ್ಲಿ ಚಳಿಯ ಮೊನೆ ಇರಲಿಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೋಗುತ್ತದೆ ಎಂದು ನಮ್ಮ ಕಡೆ ಅನ್ನುವುದು ಸುಳ್ಳಲ್ಲ.

ಆಗ ಬಾಜೂ ಮನೆಯಿಂದ ಸೀಟಿ ಕೇಳಿತು.

ರವೆ ಹುರಿಯುವ ಕೈ ನಿಂತುಬಿಟ್ಟಿತು. ದಸರೆಯ ನಂತರ ಆ ಸೀಟಿಯನ್ನು ನಾನು ಕೇಳಿರಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ಊರಿಗೆ ಬಂದವರನ್ನು ಊರೆಲ್ಲ ಗಾರ್ಡ್ ಕಾಕಾ ಎಂದೇ ಕರೆಯುತ್ತಿತ್ತು. ಆ ಹಿತ್ತಾಳೆಯ ಸೀಟಿಯನ್ನು ಅವರು ಕರಿ ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು, ಲಿಂಗದ ಕರಡಿಗೆಯ ಬದಿಯಲ್ಲೇ. ಮೊಟಕಾಗಿ ಊದಿದರೆ ಹೆಂಡತಿ ಕಾಕೂಗೆ: ಚಹಾ ಬೇಕು. ಉದ್ದಕ್ಕೆ ಊದಿದರೆ ಗೋಡೆಯಾಚೆಯ ನನಗೆ: ಒಂದು ಮಜಾ ಐತಿ, ಬಂದು ನೋಡು. ಲಕ್ವಾ ಹೊಡೆದು ಬಾಯಿಯ ಒಂದು ಮೂಲೆ ಇಳಿದ ಮೇಲೆ ಊದಿದರೆ ಬರೀ ಗಾಳಿ. ಆ ಬೆಳಿಗ್ಗೆ ಅದು ಒಡೆದ ದನಿಯಲ್ಲಿ, ನಡುವೆ ಒಮ್ಮೆ ಮುಗ್ಗರಿಸಿ, ಆದರೂ ಉದ್ದಕ್ಕೇ ಕೂಗಿತು.

“ಗಾಡಿ ಬಿಡತು ನೋಡು,” ಎಂದರು ನಮ್ಮವರು ಡಬ್ಬಿ ಮುಚ್ಚುತ್ತ.

ಆ ಬೆಳಗಿನ ಮಾತು ಈಗ ಹಳೆಯದು. ಕಾಕಾ ಕಳೆದ ಶ್ರಾವಣದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ಬಂದ ನೆಂಟರು ಅವರ ನೌಕರಿಯ ಬಗ್ಗೆ, ಅವರು ಕಂಡ ಘಟ್ಟ, ಸುರಂಗಗಳ ಬಗ್ಗೆ ಮಾತಾಡಿದರು. ನನಗೆ ನೆನಪಾಗುತ್ತಿದ್ದುದು ಅವರ ಚಳಿಗಾಲಗಳು.

ಘಟ್ಟದ ಕಡೆ ನೌಕರಿ ಮಾಡುವಾಗ ಹುಬ್ಬಳ್ಳಿ ರೈಲ್ವೆ ಕಾಲನಿಯ ಒಬ್ಬ ಮುದುಕ ಡ್ರೈವರ್ ಅವರಿಗೆ ಮೀನಿನ ಹುಚ್ಚು ಹಚ್ಚಿದ್ದರಂತೆ. ಅದೂ ಎರೆಹುಳ ಪೋಣಿಸಿ ಗಾಳ ಇಳಿಬಿಟ್ಟು ಕೂರುವ ಹುಚ್ಚಲ್ಲ. ಪುಕ್ಕ, ನೂಲು, ಕೂದಲಿನಿಂದ ಸಣ್ಣ ಗಾಳದ ಮೇಲೆ ನೊಣದಂಥ ಒಂದು ಹುಸಿ ಹುಳವನ್ನು ಕಟ್ಟಬೇಕು. ಅದಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಪ್ಪ ದಾರದ್ದು. ಆ ದಾರವನ್ನು ತಲೆಯ ಮೇಲಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ, ಹುಳ ತಾನಾಗಿ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಮೀನು ಮೋಸಹೋಗಿ ಹಾರಿ ಕಚ್ಚಿದರೆ ಮೆಲ್ಲಗೆ ದಂಡೆಗೆ ತಂದು, ಒದ್ದೆ ಕೈಯಲ್ಲಿ ಗಾಳ ಬಿಡಿಸಿ, ತಿರುಗಿ ನೀರಿಗೆ ಬಿಡಬೇಕು. ಗಾಳದ ಹಿಮ್ಮುಳ್ಳನ್ನು ಕಾಕಾ ಮೊದಲೇ ಪಕ್ಕಡದಿಂದ ಅಮುಕಿ ಚಪ್ಪಟೆ ಮಾಡಿರುತ್ತಿದ್ದರು.

ನಮ್ಮಂಥ ಶೈವರ ಓಣಿಯಲ್ಲಿ ಇದು ಹೇಗೆ ಕಂಡಿರಬೇಡ! ಮೀನು ತಿನ್ನುವವರಿಗೆ, ಹಿಡಿದು ಬಿಡುವವನು ಹುಚ್ಚ. ತಿನ್ನದವರಿಗೆ, ಕೊರಳಲ್ಲಿ ಲಿಂಗ ಕೈಯಲ್ಲಿ ಗಾಳ ಇರುವವನು ಇನ್ನೂ ದೊಡ್ಡ ಹುಚ್ಚ. ಮಠದ ಕಟ್ಟೆಯ ಮೇಲೆ ಯಾರೋ ಎದುರಿಗೇ ಕೇಳಿದರಂತೆ, “ಏನ್ರೀ ಗಾರ್ಡ್‌ಸಾಹೇಬ್ರ, ಮೀನ ಹಿಡೀತೀರಂತಲ್ಲ?”

“ಹಿಡಿಯೂದಿಲ್ರಿ. ಅವಕ್ಕ ಒಂದ ಸುಳ್ಳ ಹೇಳತೇನಿ. ನಂಬಿದ್ರ ಕೈ ಮುಗದು ಬಿಟ್ಟ ಕಳಸತೇನಿ.”

ಅವರದೇ ಒಂದು ಶಿಸ್ತಿತ್ತು. ಹುಳಕ್ಕೆ ಬಳಸುವುದು ಉದುರಿದ್ದು ಮಾತ್ರ. ಕುಸುಬಿ ಹೊಲದ ಬದುವಿನಲ್ಲಿ ಬಿದ್ದ ನವಿಲುಗರಿಯ ಎಳೆ, ಬೇಲಿಗೆ ಸಿಕ್ಕಿಕೊಂಡ ಕುರಿಯ ಉಣ್ಣೆ, ಹತ್ತಿ ಗಾಡಿ ಹೋದ ದಾರಿಯ ಅರಳೆ, ಕಾಕೂನ ಬಾಚಣಿಗೆಯ ಕೂದಲು. ಜೀವ ತೆಗೆದು ತಂದದ್ದು ಒಂದು ಪುಕ್ಕವೂ ಇಲ್ಲ. ದಾರಿಯಲ್ಲಿ ನಡೆಯುತ್ತಿದ್ದವರು ಗಕ್ಕನೆ ನಿಂತು, ಬಗ್ಗಿ ಏನನ್ನೋ ಆರಿಸಿ, ಟೊಪ್ಪಿಗೆಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿಲ್ಲ! ಅವರ ಟೊಪ್ಪಿಗೆಯನ್ನು ಒಗೆಯುವ ಮುಂಚೆ ಕಾಕೂ ಕೊಡವಿದರೆ ಒಂದು ಗೂಡು ಕಟ್ಟುವಷ್ಟು ಸಾಮಾನು ಬೀಳುತ್ತಿತ್ತು.

ಕಾರ್ತಿಕದ ಗೌರಿ ಹುಣ್ಣಿಮೆಗೆ ಅವರು ಗಾಳದ ಕೋಲು ಕಟ್ಟಿ ಇಡುವರು. ಚಳಿಗೆ ನಮ್ಮೂರ ಕೆರೆಯ ಮೀನು ತಳ ಹಿಡಿದು ಕೂತುಬಿಡುತ್ತದೆ, ಮೇಲಿನ ಹುಳಕ್ಕೆ ಬಾಯಿ ತೆರೆಯುವುದಿಲ್ಲ. ಅಲ್ಲಿಂದ ಶಿವರಾತ್ರಿಯ ತನಕ ರಜೆ. ಆದರೆ ನಾನು ‘ರಜೆ’ ಎಂದು ಒಮ್ಮೆ ಅಂದದ್ದಕ್ಕೆ ಕಾಕಾ ಬಯ್ದಿದ್ದರು.

“ನಿಂತ ಗಾಡಿ ಸುಮ್ಮನ ನಿಂತೈತಿ ಅನಬ್ಯಾಡ ಯವ್ವಾ. ಗಾರ್ಡ್ ಕೆಳಗಿಳದು ಗಾಲಿ ನೋಡೂ ಹೊತ್ತು ಅದು.”

ಗಾಲಿ ನೋಡುವ ಕೆಲಸ ನಡೆಯುವುದು ಕಾಕೂನ ಶಾವಿಗೆ ಮಣೆಯ ಮೇಲೆ. ನಮ್ಮ ಕಡೆಯ ಮನೆಗಳಲ್ಲಿ ಬೇಸಿಗೆ ಬಿದ್ದರೆ ಶಾವಿಗೆ ಹೊಸೆಯುವ ಆ ಉದ್ದನೆಯ ಮಣೆ ಹೊರಬರುತ್ತದೆ. ಉಳಿದ ದಿನ ಗೋಡೆಗೆ ಆತು ನಿಂತಿರುತ್ತದೆ. ಕಾಕಾ ಅದರ ತುದಿಗೆ ಒಂದು ಪುಟ್ಟ ಇಕ್ಕಳ ಬಿಗಿದು, ಅದರ ಬಾಯಿಗೆ ಗಾಳ ಕೊಟ್ಟು, ಕುದುರೆ ಏರಿದಂತೆ ಮಣೆಯ ಮೇಲೆ ಕೂತು ಹುಳ ಕಟ್ಟುವರು. ಒಪ್ಪಂದ ಹಳೆಯದು: ಬೇಸಿಗೆಗೆ ಮಣೆ ಕಾಕೂದು, ಚಳಿಗಾಲಕ್ಕೆ ಕಾಕಾನದು. ಶಿವರಾತ್ರಿ ಸರಹದ್ದು. ಆದರೂ ಪ್ರತಿ ವರ್ಷ ಮೊದಲ ದಿನದ ಶಾವಿಗೆಯಲ್ಲಿ ಒಂದು ನವಿಲುಗರಿಯ ಎಳೆ ಸಿಕ್ಕೇ ಸಿಗುವುದು, ಕಾಕೂ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ನೋಡ್ರಿ, ನಿಮ್ಮ ಮೀನಿನ ಪರಸಾದ,” ಅನ್ನುವುದು ತಪ್ಪಿದ್ದಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಯ ಮೇಲೆ ಬೀಸುವ ಅಭ್ಯಾಸ. ದೂರದಲ್ಲಿ ಒಂದು ಸಾಣಿಗೆ ಇಟ್ಟು, ದಾರದ ತುದಿಗೆ ಗಾಳದ ಬದಲು ಉಣ್ಣೆಯ ಚೂರು ಕಟ್ಟಿ, ಅದು ಸಾಣಿಗೆಯೊಳಗೇ ಬೀಳುವಂತೆ ಬೀಸುವರು. ನಾನು ಒಣಹಾಕಿದ ಸೀರೆ ತೆಗೆಯಲು ನಮ್ಮ ಮಾಳಿಗೆಗೆ ಹೋದಾಗ ನಿಂತು ನೋಡುತ್ತಿದ್ದೆ. ದಾರ ಆಕಾಶದಲ್ಲಿ ಸುರುಳಿ ಬಿಚ್ಚುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು, ಹೊಸ ಇಳಕಲ್ ಸೀರೆಯ ನಿರಿಗೆ ಜಾರಿದ ಹಾಗೆ.

ಆ ಹುಳಗಳು ಒಮ್ಮೆ ದೊಡ್ಡ ರಂಪ ಮಾಡಿಸಿದವು. ಲಕ್ವಾ ಹೊಡೆಯುವ ಹಿಂದಿನ ವರ್ಷದ ಮಾತು. ಮಣೆಯ ಮೇಲೆ ಒಣಗಲು ಇಟ್ಟಿದ್ದ ಒಂದು ಹುಳ ಗಾಳಿಗೆ ಹಾರಿ ಆಚೆ ಬಾಜೂ ಬಸವ್ವನ ಹೊಸ್ತಿಲ ಮೇಲೆ ಬಿತ್ತು. ಅಂದು ಅಮಾವಾಸ್ಯೆ. ಬಸವ್ವ ಎಮ್ಮೆ ಕಟ್ಟಿಕೊಂಡು ಹೈನು ಮಾಡುವವಳು; ಬೆಳಿಗ್ಗೆ ಹಾಲಿನ ಚರಿಗೆ ಹಿಡಿದು ಬಾಗಿಲು ತೆರೆದರೆ ಕಾಲ ಬುಡದಲ್ಲಿ ಕರಿ ದಾರ, ಪುಕ್ಕ, ಹೆಣ್ಣಿನ ಕೂದಲು, ಕಬ್ಬಿಣದ ಕೊಕ್ಕೆ. ಇನ್ನೇನು ಬೇಕು? ಅವಳು ಕಿರುಚಿದ ಕಿರುಚಿಗೆ ಓಣಿ ನೆರೆಯಿತು. ಯಾರೂ ಮುಟ್ಟುವವರಿಲ್ಲ. ನಿಂಬೆಹಣ್ಣು ಬಂತು, ವಿಭೂತಿ ಬಂತು. ಅಷ್ಟರಲ್ಲಿ ಕಾಕಾ ಬನಿಯನ್ ಮೇಲೆ ಬಂದು, ಜನ ಸರಿಸಿ, ಬಾಯಿ ತುಂಬ ಸಂತೋಷದಿಂದ ಹೇಳಿದರು:

“ಏ ಬಸವ್ವಾ, ಹುಡುಕಾಕ್ಹತ್ತಿದ್ದೆ. ಅದು ನಂದು!”

“ಅಯ್ಯ ಸುಡ್ಲಿ ನಿಮ್ಮ ಕೈಯಾ! ಬಾಜೂ ಮನ್ಯಾಗ ಕುಂತು ನಮಗ ಮಾಟಾ ಮಾಡಸ್ತೀರೇನ್ರೀ? ನಮ್ಮ ಎಮ್ಮಿ ಹಾಲ ಕುಡದು ನಮಗ?”

ಕಾಕಾ ಅವಳದೇ ಚರಿಗೆಯ ಪಕ್ಕ ಒಂದು ತಾಟಿನಲ್ಲಿ ನೀರು ತರಿಸಿ, ಹುಳವನ್ನು ತೇಲಿಬಿಟ್ಟು ತೋರಿಸಿದರು. “ನೋಡು, ನೊಣ. ನೊಣ ಇದು.”

ಬಸವ್ವ ಬಹಳ ಹೊತ್ತು ಬಗ್ಗಿ ನೋಡಿದಳು. “ನೊಣಾ ನಮ್ಮ ಕೊಟಗಿ ತುಂಬ ಅದಾವಲ್ರೀ ಕಾಕಾ,” ಎಂದಳು. “ಅದನ್ನ ಕುಂತು ಕಟ್ಟೂದೇನೈತಿ?”

ಆದರೂ ಒಂದಷ್ಟು ದಿನ ಆ ಮನೆಗೆ ಅವಳ ಹಾಲು ಹೋಗಲಿಲ್ಲ.

ದಸರೆಯ ಮರುವಾರ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ದವಾಖಾನೆಯಿಂದ ಮನೆಗೆ ಬಂದಾಗ ಕಾಕಾನ ಬಲಗೈ ಯಾರದೋ ಸಾಮಾನನ್ನು ಹೊತ್ತು ತಂದಂತೆ ಪಕ್ಕದಲ್ಲಿ ತೂಗುತ್ತಿತ್ತು. ಮಾತು ತೊದಲಾದರೂ ತಿಳಿಯುತ್ತಿತ್ತು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಕೊಡಲು ನಾನು ಹೋದರೆ ಗಂಡ ಹೆಂಡತಿ ಶಾವಿಗೆ ಮಣೆಯ ಅತ್ತಿತ್ತ ಕೂತು ಜಗಳಾಡುತ್ತಿದ್ದರು.

“ಕೋಲ ಅಟ್ಟಕ್ಕ ಹಾಕತೇನಿ,” ಎನ್ನುತ್ತಿದ್ದರು ಕಾಕೂ. “ನೀನರ ಹೇಳವ್ವಾ ಇವ್ರಿಗೆ. ಕೆರಿ ಪಾವಟಗಿ ತುಂಬ ಪಾಚಿ. ಒಂದ ನೊಣಾ ಹಿಡೀಲಾರದ ಕೈ, ಕಾಲ ಜಾರಿದ್ರ ಏನ ಹಿಡೀತೈತಿ?”

ಅದು ಸುಮ್ಮನೆ ಕಾಡುವ ಮಾತಲ್ಲ; ಕಾಕೂನ ಕಣ್ಣಿನ ಕೆಳಗೆ ದವಾಖಾನೆಯ ನಿದ್ದೆಗೇಡು ಇನ್ನೂ ಕಪ್ಪಗೆ ಇತ್ತು.

ಕಾಕಾ ಎಡಗೈಯನ್ನು ಹೆಂಡತಿಯ ಮುಂದೆ ಮಣೆಯ ಮೇಲೆ ಚಾಚಿ ಇಟ್ಟರು. “ಇದು ಐತಲ್ಲ. ಇದಕ್ಕ ಕಲಸತೇನಿ. ಶಿವರಾತ್ರಿ ತನಕಾ ಮಣಿ ನಂದು, ಹೌದಲ್ಲೋ? ಅಷ್ಟರಾಗ ಯಾರ ಕೈ ಹಚ್ಚಲಾರದ ಒಂದ ಹುಳಾ ಕಟ್ಟತೇನಿ. ಮರುದಿನಾ ಕೆರಿಗೆ ಹೋಗೂಣು, ನೀನೂ ಬಾ. ಮೀನ ಜಗ್ಗಿದ್ರೂ ನನ್ನ ಕಟ್ಟು ಬಿಚ್ಚಬಾರದು. ಬಿಚ್ಚಿತೋ, ಕೋಲ ಅಟ್ಟಕ್ಕ. ನಾನಽ ಏರಿ ಇಟ್ಟ ಬರತೇನಿ.”

“ಅಟ್ಟಾ ಏರೂದೊಂದು ಬಾಕಿ ಐತಿ ನಿಮ್ದು,” ಎಂದರು ಕಾಕೂ. ಆದರೆ ಒಪ್ಪಿದರು.

ಆ ಚಳಿಗಾಲದುದ್ದಕ್ಕೂ ನಾನು ಗೋಡೆಯ ಈಚೆಯಿಂದ ಕೇಳಿದ್ದು ಇಕ್ಕಳದ ಕಿರುಗುಟ್ಟು, ಆಮೇಲೆ ಒಂದು ಬೈಗುಳ, ಆಮೇಲೆ ಮತ್ತೆ ಇಕ್ಕಳ. ಬೆರಳಿಗೆ ಬಲ ಬರಲೆಂದು ಕಾಕಾ ಎಡಗೈಯಲ್ಲಿ ಕಡಲೆ ಸುಲಿದರು, ಶೇಂಗಾ ಒಡೆದರು. ಕಾಕೂ ಬೇಕೆಂದೇ ಜೋಳ ಆರಿಸಲು ಅವರ ಮುಂದೆ ಮೊರ ತಂದಿಟ್ಟರು. ಮಾಳಿಗೆಯ ಮೇಲೆ ಎಡಗೈಯಿಂದ ಬೀಸಿದ ದಾರ ಮೊದಮೊದಲು ಅವರದೇ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಸಂಜೆ ನಮ್ಮ ದಿಂಬಿನ ಚೀಲವನ್ನು ಹಗ್ಗದಿಂದ ಎಗರಿಸಿಕೊಂಡು ಹೋಯಿತು. ಮರುದಿನ ಬೆಳಿಗ್ಗೆ ಕಾಕೂ ಅದನ್ನು ಮಡಿಚಿ ತಂದು, “ತಗೋ, ದೊಡ್ಡ ಮೀನ,” ಎಂದರು.

ಪೌಷ ಮಾಸದ ಹೊತ್ತಿಗೆ ದಾರ ಸಾಣಿಗೆಯ ಹತ್ತಿರ ಬೀಳತೊಡಗಿತು. ಆದರೆ ಹುಳ ಕೈಗೆ ಬರಲಿಲ್ಲ. ಸುತ್ತುವುದು ಎಡಗೈಯಿಂದ ಹೇಗೋ ಆಗುತ್ತಿತ್ತು. ಕೊನೆಗೆ ಬಿಗಿಯುವ ಗಂಟು ಎರಡು ಕೈಯ ಕೆಲಸ. ಅರ್ಧ ಗಂಟು ಬಿದ್ದು ದಾರ ಸಡಿಲಾಗುತ್ತಿದ್ದಂತೆ ಇಡೀ ಹುಳ ಕಣ್ಣೆದುರೇ ಬಿಚ್ಚಿ, ಉಣ್ಣೆ ಒಂದು ಕಡೆ, ಗರಿ ಒಂದು ಕಡೆ. ಒಂದು ಮಧ್ಯಾಹ್ನ ನಾನು ಹೋದಾಗ ಮಣೆಯ ಸುತ್ತ ಅಂಥ ಚೂರುಗಳೇ ಬಿದ್ದಿದ್ದವು. ಕಾಕಾ ಗಾಳವನ್ನೇ ನೋಡುತ್ತ ಕೂತಿದ್ದರು. ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಮುಟ್ಟಬ್ಯಾಡ!” ಎಂದರು. ಅಷ್ಟು ಒರಟಾಗಿ ಅವರು ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ. ಆಮೇಲೆ ದನಿ ಇಳಿಸಿ, “ನೀ ಕಟ್ಟಿದ್ರ ಅದು ನಿಂದಾಗತೈತಿ ಯವ್ವಾ. ನಾ ಮತ್ತ ಬರಿಗೈ.”

ನನ್ನ ಮಡಿಲಲ್ಲಿ ಅಂದು ಕಸೂತಿಯ ಬಟ್ಟೆ ಇತ್ತು, ಮಾತಾಡುತ್ತ ಹಾಕೋಣವೆಂದು ತಂದದ್ದು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೊಲಿಗೆ ಕಲಿಸುವಾಗ ಗಂಟನ್ನು ಕೆಳಗೆ ಬಚ್ಚಿಡಲು ಹೇಳಿಕೊಟ್ಟಿದ್ದರು. ಮದುವೆಯಾಗಿ ಬಂದ ಮೇಲೆ ನಮ್ಮ ಅತ್ತೆ ನಾನು ಹಾಕಿದ ಮೊದಲ ಗೋಪುರದ ಚಿತ್ತಾರವನ್ನು ತಿರುಗಿಸಿ ನೋಡಿ, ಇಡೀ ಬಿಚ್ಚಿಸಿದರು. ಕಸೂತಿಗೆ ಗಂಟೇ ಇಲ್ಲ. ಮೇಲೂ ಕೆಳಗೂ ಒಂದೇ ಸಮ ಕಾಣಬೇಕು. ದಾರದ ತುದಿಯನ್ನು ಅದರದೇ ಹೊಲಿಗೆಯ ಕೆಳಗೆ ಓಡಿಸಿ ಕೂರಿಸಬೇಕು, ಅಷ್ಟೇ. ನಾನು ಬಟ್ಟೆಯನ್ನು ಬೋರಲು ಮಾಡಿ ಕಾಕಾನ ಮುಂದೆ ಹಿಡಿದೆ.

“ಗಂಟ ಎಲ್ಲೈತಿ ಹುಡುಕ್ರಿ ಕಾಕಾ.”

ಅವರು ಕನ್ನಡಕ ಏರಿಸಿ, ಉಗುರಿನಿಂದ ಕೆರೆದು ನೋಡಿದರು. “ಇಲ್ಲ.”

“ಜಗ್ಗ್ರಿ.”

ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಆಮೇಲೆ ಬಟ್ಟೆಯನ್ನು ಮೇಲೆ ಕೆಳಗೆ ತಿರುಗಿಸುತ್ತ ಕೂತರು. ಕಾಕೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನು ನೋಡುತ್ತಿದ್ದರು.

ಅದನ್ನು ಗಾಳಕ್ಕೆ ಒಗ್ಗಿಸಿದ್ದು ಕಾಕಾ. ಮೊದಲೇ ಒಂದು ಮಡಿಚಿದ ಎಳೆಯನ್ನು ಗಾಳದ ಉದ್ದಕ್ಕೆ ಮಲಗಿಸುವುದು, ಅದರ ಮೇಲೆ ಸುತ್ತು ಹಾಕುವುದು, ಕಟ್ಟುವ ದಾರದ ತುದಿಯನ್ನು ಆ ಮಡಿಕೆಯಲ್ಲಿ ತೂರಿಸುವುದು, ಆಮೇಲೆ ಆ ಎಳೆಯ ಹಿಂದಿನ ತುದಿಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದು. ತುದಿ ತನ್ನದೇ ಸುತ್ತುಗಳ ಕೆಳಗೆ ಸೇರಿಕೊಂಡು ಬಿಗಿಯುತ್ತದೆ. ಒಂದು ಕೈ, ಒಂದು ಬಾಯಿ. ಬಾಯಿಯೂ ಅರ್ಧವೇ. ಹಲ್ಲಿಗೆ ಹಿಡಿತ ಸಿಗದೆ ಎಳೆ ಜಾರುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ಕಾಕೂ ಸೆರಗಿನಿಂದ ಒರೆಸಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. “ಹಲ್ಲರ ಗಟ್ಟಿ ಅದಾವು, ಪುಣ್ಯ,” ಎಂದರು ಒಮ್ಮೆ. ಆ ಮಾತಿನಲ್ಲಿ ನನಗೆ ಮೊದಲ ಸಲ ಸ್ವಲ್ಪ ಪಕ್ಷಪಾತ ಕೇಳಿಸಿತು.

ಶಿವರಾತ್ರಿಯ ಹಗಲು, ಉಪವಾಸದ ಹೊಟ್ಟೆಯಲ್ಲಿ, ಒಂದು ಹುಳ ಪೂರ್ತಿಯಾಗಿ ನಿಂತಿತು. ಕಂದು ಉಣ್ಣೆಯ ಮೈ, ನವಿಲುಗರಿಯ ಹಸಿರು ಮಿಂಚು, ಸ್ವಲ್ಪ ಸೊಟ್ಟ. ಕಾಕಾ ಅದನ್ನು ತಮ್ಮ ಕೈಯಿಂದ ಜಗ್ಗಿ ನೋಡಲಿಲ್ಲ. ನಾನು ಕೇಳಿದ್ದಕ್ಕೆ, “ಜಗ್ಗೂದು ಮೀನಿನ ಕೆಲಸ,” ಎಂದರು. ಹೆದರಿದ್ದರೆಂದು ನನಗೆ ಆಗ ತಿಳಿಯಿತು.

ಅದಕ್ಕೇ ಆ ಬೆಳಗಿನ ಸೀಟಿ.

ಉಪ್ಪಿಟ್ಟು ಇಳಿಸಿ, ಚಪ್ಪಲಿ ಮೆಟ್ಟಿ ನಾನೂ ಹೊರಟೆ. ಕಾಕೂ ತಮ್ಮ ಹಳೆಯ ಸೀರೆಯೊಂದರ ತುದಿಯನ್ನು ಗಂಡನ ನಡುವಿಗೆ ಬಿಗಿದು ಕಟ್ಟಿದ್ದರು. ಇನ್ನೊಂದು ತುದಿ ಅವರ ಮುಂಗೈಗೆ ಸುತ್ತಿತ್ತು. ಎದುರಿಗೆ ಎಮ್ಮೆ ಹೊಡೆದುಕೊಂಡು ಬಂದ ಬಸವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

“ಏನ್ರೀ ಕಾಕೂ, ಕರಾ ಮೇಸಾಕ ಹೊಂಟೀರೇನು?”

“ಹೌದವ್ವಾ, ನಮ್ದು ಮುದಿ ಕರಾ. ಬಿಟ್ರ ಕೆರಿಗೆ ಬೀಳತೈತಿ.”

ಕಾಕಾ ನಗಲಿಲ್ಲ. ಅವರ ಕಣ್ಣು ನೀರಿನ ಮೇಲಿತ್ತು. ಕೆರೆಯ ಏರಿಯ ಬುಡದಲ್ಲಿ, ಪಾಚಿಯ ಮೆಟ್ಟಿಲು ಬಿಟ್ಟು ಒಣ ನೆಲದಲ್ಲಿ ಕಾಲೂರಿ ನಿಂತರು. ಬಸವ್ವನ ಎಮ್ಮೆಗಳು ನಮ್ಮ ಹಿಂದೆ ಹುಲ್ಲು ಮೇಯುತ್ತ ಹರಡಿದವು. ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಉಂಗುರ ಏಳುತ್ತಿತ್ತು. ಮೀನು ತಳ ಬಿಟ್ಟು ಮೇಲೆ ಬಂದಿದ್ದವು.

ಎಡಗೈ ಎದ್ದಿತು. ಮೊದಲ ಬೀಸು ಹತ್ತಿರವೇ ಬಿತ್ತು. ಮುಂದಿನದು ಗಾಳಿಗೆ ಓರೆಯಾಯಿತು. ಆಮೇಲಿನದು ಸುರುಳಿ ಬಿಚ್ಚಿ ಬಿಚ್ಚಿ, ಇನ್ನೂ ಬಿಚ್ಚಿ, ಉಂಗುರ ಎದ್ದ ಜಾಗಕ್ಕೇ ಹೋಗಿ ಕೂತಿತು. ಕಾಕೂ ಹಿಡಿದ ಸೀರೆ ಬಿಗಿಯಾದದ್ದು ನಾನು ನೋಡಿದೆ. ನೀರು ಒಮ್ಮೆ ಉಬ್ಬಿತು. ಅಷ್ಟೇ. ಮತ್ತೇನೂ ಆಗಲಿಲ್ಲ.

ಕಾಕಾ ದಾರ ಎಳೆದುಕೊಂಡರು. ತುದಿ ಬರಿದು. ಹುಳವೂ ಇಲ್ಲ, ಗಾಳವೂ ಇಲ್ಲ. ತುದಿಯ ತೆಳು ನೈಲಾನ್ ದಾರ ಗೇಣುದ್ದ ಮೇಲೆ ಹರಿದಿತ್ತು. ವರ್ಷವೆಲ್ಲ ಗೂಟಕ್ಕೆ ತೂಗಿ ಬಿಸಿಲು ಕುಡಿದ ಹಳೆಯ ದಾರ. ಹಿಂದಕ್ಕೆ ಬೀಸಿದಾಗಲೇ ಯಾವಾಗಲೋ ತುಂಡಾಗಿ ಹುಳ ಎಲ್ಲೋ ಹಾರಿತ್ತು; ನೀರಿನ ಮೇಲೆ ಹೋಗಿ ಕೂತದ್ದು ಬರಿ ದಾರ. ನಾವು ಹುಲ್ಲಿನಲ್ಲಿ ಬಗ್ಗಿ ಬಗ್ಗಿ ಹುಡುಕಿದೆವು. ಸಿಗಲಿಲ್ಲ.

“ದಾರ ಹರದದ್ದು,” ಎಂದರು ಕಾಕಾ. “ನನ್ನ ಕಟ್ಟು ಬಿಚ್ಚಿಲ್ಲ.”

“ಅದನ್ನ ಹೇಳವ್ರು ಯಾರು?” ಎಂದರು ಕಾಕೂ. ದನಿಯಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಕೇಳಲು ಕಷ್ಟವಾಯಿತು. “ಒಂದ ಹುಳಾ ಅಂದಿದ್ರಿ. ಮೀನಂತೂ ಜಗ್ಗಲಿಲ್ಲ. ನಡೀರಿ ಮನಿಗೆ, ಬಿಸಲಾತು.”

ಕಾಕಾ ವಾದ ಮಾಡಲಿಲ್ಲ. ಮಾತು ಕೊಟ್ಟವರು ಅವರೇ. ಇಡೀ ದಾರಿ ಎಡಗೈಯಲ್ಲಿ ಕೋಲು ಹಿಡಿದು, ಒಮ್ಮೆಯೂ ನಿಲ್ಲದೆ, ಏನನ್ನೂ ಆರಿಸಿಕೊಳ್ಳದೆ ನಡೆದರು. ಬೇಲಿಯ ಮೇಲೆ ಬೆಳ್ಳನೆಯ ಉಣ್ಣೆ ಸಿಕ್ಕಿಕೊಂಡಿತ್ತು. ನಾನು ನೋಡಿದೆ, ಅವರು ನೋಡಲಿಲ್ಲ.

ಮಧ್ಯಾಹ್ನ ಕಾಕೂ ಶಾವಿಗೆ ಮಣೆಯಿಂದ ಇಕ್ಕಳ ಬಿಚ್ಚಿ ತೆಗೆದರು. ಹುಣಸೆಹಣ್ಣು ಹಚ್ಚಿ ಮಣೆ ತಿಕ್ಕಿ, ತೊಳೆದು, ಅಂಗಳದ ಬಿಸಿಲಿಗೆ ಓರೆಯಾಗಿಟ್ಟರು. ಕೋಲು ಅಟ್ಟದ ಏಣಿಯ ಬುಡದಲ್ಲಿ ಕಾಯುತ್ತಿತ್ತು, ಅದನ್ನು ಮಾತ್ರ ಅವರು ಮುಟ್ಟಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು, ಎಡಗೈಯ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಲೇ ಇದ್ದರು, ಇಲ್ಲದ ದಾರವನ್ನು ಹೊಸೆದ ಹಾಗೆ.

ಸಂಜೆ ದೀಪ ಹಚ್ಚಿ, ಉಳಿದ ಉಪವಾಸದ ಹಣ್ಣು ಕೊಡಲು ನಾನು ಅವರ ಅಂಗಳಕ್ಕೆ ಹೋದೆ. ಕಾಕೂ ಹೊಸ್ತಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಅಷ್ಟರಲ್ಲಿ ಬಸವ್ವ ಒಂದು ಕೈಯಲ್ಲಿ ಹಾಲಿನ ಚರಿಗೆ, ಇನ್ನೊಂದರಲ್ಲಿ ಏನನ್ನೋ ಮುಷ್ಟಿ ಹಿಡಿದು ಒಳಗೆ ಬಂದಳು. ಚರಿಗೆಯನ್ನು ಕಾಕೂನ ಮುಂದೆ ಕುಕ್ಕಿ, ಮುಷ್ಟಿಯಲ್ಲಿದ್ದುದನ್ನು ಕಟ್ಟೆಯ ಮೇಲೆ ಕಾಕಾನ ಎಡಗೈಯ ಹತ್ತಿರ ಉದುರಿಸಿದಳು. ಎಮ್ಮೆಯ ಬಾಲದ ಕರಿ ಕೂದಲಿನ ಒಂದು ಗುಂಜು. ನಡುವೆ ಗೇಣುದ್ದ ನೈಲಾನ್ ದಾರ ಸುತ್ತಿಕೊಂಡು, ಕಂದು ಉಣ್ಣೆ, ಹಸಿರು ಮಿಂಚು, ಸ್ವಲ್ಪ ಸೊಟ್ಟ.

ಆಮೇಲೆ ಬಂದ ದಾರಿಗೇ ತಿರುಗಿ, ನನ್ನತ್ತ ನೋಡಿ ಗೊಣಗಿದಳು:

“ಏನ ಕಟ್ಯಾರೋ ವೈನಿ ಈ ನೊಣಾನ! ಕೈಲೆ ಜಗ್ಗಿದೆ, ಹಲ್ಲಿಲೆ ಜಗ್ಗಿದೆ, ಒಂದ ಎಳಿ ಬಿಚ್ಚವಲ್ತು. ಕಡೀಕ ನಮ್ಮ ಎಮ್ಮಿ ಬಾಲದ ಕೂದಲಾನ ಕತ್ತರಿಸಬೇಕಾತು ನೋಡ್ರಿ.”